ಹಳಿಯಾಳದ ತಿಜೋರಿ, ಹುಬ್ಬಳ್ಳಿಯ ಸ್ಟಿಕ್ಕರ್

ಹಳಿಯಾಳ, ಮೇ 1999

ಜಿಲ್ಲೆಯ ಕೈಗಾರಿಕಾ ಅಧಿಕಾರಿಗಳಿಗೆ,

ಮಾನ್ಯರೇ, ನಾನು ಕೇಳಿದ್ದು ಹಳಿಯಾಳದ ಕೈಗಾರಿಕಾ ವಸಾಹತಿನಲ್ಲಿ ಖಾಲಿ ಬಿದ್ದಿರುವ ಒಂದು ಶೆಡ್. ತಾವು ದಯಪಾಲಿಸಿದ್ದು ಎರಡು ಜೇನುಪೆಟ್ಟಿಗೆ. ನಾನು ಮಾಡುವುದು ಉಕ್ಕಿನ ಕಪಾಟು, ನಮ್ಮ ಕಡೆಯ ಮಾತಿನಲ್ಲಿ ತಿಜೋರಿ. ಜೇನಿನ ಬಗ್ಗೆ ನನಗೆ ಗೊತ್ತಿರುವುದು ಅದು ಕಚ್ಚುತ್ತದೆ ಎಂಬುದಷ್ಟೇ.

ವಿಚಾರಿಸಲು ಬಂದಾಗ ತಮ್ಮ ಸಹಾಯಕರು ಗೋಡೆಯ ನಕ್ಷೆ ತೋರಿಸಿದರು. ಬಾಳಿಕೆ ಬರುವ ಸರಕು ತಯಾರಾಗುವ ಹುಬ್ಬಳ್ಳಿ, ಬೆಳಗಾವಿಗಳಿಗೆ ಕೆಂಪು ಚುಕ್ಕೆ. ಜೋಯಿಡಾದಿಂದ ಮುಂಡಗೋಡದವರೆಗೆ ನಮಗೆಲ್ಲ ಒಂದೊಂದು ಹಸಿರು ಗಿಡ. ಕಾಗದದ ಕಾರ್ಖಾನೆಯಿರುವ ದಾಂಡೇಲಿಗೆ ಮಾತ್ರ ಗಿಡದ ಪಕ್ಕ ಒಂದು ಕಾಗದದ ಸುರುಳಿ. ಗಿಡ ಇರುವ ತಾಲೂಕಿನವರು ಜೇನು ಸಾಕಬೇಕಂತೆ, ಬುಟ್ಟಿ ಹೆಣೆಯಬೇಕಂತೆ. ಗಿಡದ ನೆರಳಿನಲ್ಲಿ ವೆಲ್ಡಿಂಗ್ ಹಿಡಿಯುವುದಿಲ್ಲ ಎಂದು ತಮಗೆ ಹೇಳಿದವರು ಯಾರು?

ಮನೆ ಮುಂದಿನ ತಗಡಿನ ಕೆಳಗೆ ನಾನು ಬೆಸೆಯುತ್ತೇನೆ, ಹೆಂಡತಿಯ ತಮ್ಮ ಮಲಕಪ್ಪ ಬಣ್ಣ ಹೊಡೆಯುತ್ತಾನೆ. ಮಳೆಗಾಲದಲ್ಲಿ ಅಲ್ಲಿ ಬಣ್ಣ ಒಣಗುವುದಿಲ್ಲ. ಹಾಗಾಗಿ ನಾಲ್ಕು ತಿಂಗಳು ಬೋಳು ತಿಜೋರಿಗಳನ್ನೇ ಹುಬ್ಬಳ್ಳಿಯ ಒಂದು ಅಂಗಡಿಗೆ ಕೊಡುತ್ತೇನೆ. ಅವರು ಬಣ್ಣ ಹೊಡೆದು ತಮ್ಮೂರಿನ ಸ್ಟಿಕ್ಕರ್ ಅಂಟಿಸುತ್ತಾರೆ.

ಕಳೆದ ಕಾರ್ತಿಕದಲ್ಲಿ ನಮ್ಮ ಪಕ್ಕದ ಸಾಂಬ್ರಾಣಿ ಊರಿನ ಹೊಳೆವ್ವ ಮಗಳ ಮದುವೆಗೆಂದು ಹುಬ್ಬಳ್ಳಿಯಿಂದಲೇ ತಿಜೋರಿ ತರಿಸಿದರು. ಹಳಿಯಾಳದ್ದು ಬಾಳಿಕೆ ಬರುವುದಿಲ್ಲವಂತೆ. ಟೆಂಪೋದ ಕುಲುಕಾಟಕ್ಕೆ ಬಾಗಿಲು ಬಿಗಿಯಾಗಿತ್ತು, ಸರಿಮಾಡಲು ನನ್ನನ್ನು ಕರೆಸಿದರು. ತೆರೆದು ನೋಡಿದರೆ, ಕೆಳಗಿನ ಖಾನೆಯಡಿ ನಾನೇ ಮೊಳೆಯಿಂದ ಗೀರಿದ, ನನ್ನ ಹೆಸರಿನ ‘ಕ’ ಅಕ್ಷರ. ತೋರಿಸಿದೆ. ಹೊಳೆವ್ವ ನಂಬಿದರು, ನಕ್ಕರು, ಚಹಾ ಕೊಟ್ಟರು. ಆಮೇಲೆ ಅಂದರು: “ನಿಂದ ಇರ್ಲಿ ತಗೋ ತಮ್ಮಾ. ಸ್ಟಿಕ್ಕರ್ ಮಾತ್ರ ಕೀಳಬ್ಯಾಡ, ನಾಳೆ ಬೀಗರು ಬರ್ತಾರ.”

ನಾನೂ ನಕ್ಕೆ. ಬಾಗಿಲು ಸರಿಮಾಡಿ, ಸ್ಟಿಕ್ಕರ್ ಮುಟ್ಟದೆ ಸೈಕಲ್ ತುಳಿಯುತ್ತ ಮನೆಗೆ ಬಂದೆ.

ಈಗ ಆ ಅಂಗಡಿಯವರು ಮಲಕಪ್ಪನನ್ನೂ ಕೆಲಸಕ್ಕೆ ಕರೆಯುತ್ತಿದ್ದಾರೆ. ಜೂನ್ ಮೊದಲಿಗೆ ಮಿರಗದ ಮಳೆ ಹಿಡಿಯುವುದರೊಳಗೆ ಅವನು ಉತ್ತರ ಹೇಳಬೇಕು. ಹುಬ್ಬಳ್ಳಿಗೆ ಹೋದ ತಿಜೋರಿ ಸಾಂಬ್ರಾಣಿಗೆ ತಿರುಗಿ ಬಂತು. ಮಲಕಪ್ಪ ಬರುತ್ತಾನೆಂಬ ನಂಬಿಕೆ ನನಗಿಲ್ಲ. ಅವನು ಹೋದರೆ ಬೇಸಿಗೆಯಲ್ಲೂ ನನ್ನದು ಬೋಳು ತಿಜೋರಿಯೇ.

ಆದ್ದರಿಂದ ಮಿರಗಕ್ಕೆ ಮೊದಲು ಆ ಶೆಡ್ಡಿನ ಕೀಲಿ ಕೊಡಿಸಿ. ಜೇನುಪೆಟ್ಟಿಗೆಗಳನ್ನು ಸುರಕ್ಷಿತವಾಗಿ ಹಿಂದಿರುಗಿಸುತ್ತೇನೆ. ಚುಕ್ಕೆಯಿಲ್ಲದ ಊರಿಗೆ ಶೆಡ್ ಕೊಡಲು ನಿಯಮ ಒಪ್ಪದಿದ್ದರೆ, ತಮ್ಮ ನಕ್ಷೆಗೆ ಚುಕ್ಕೆ ಇಡಲು ಮಲಕಪ್ಪ ಕೆಂಪು ಬಣ್ಣ ಹಿಡಿದು ಬರಲು ಸಿದ್ಧನಿದ್ದಾನೆ. ಬೇಗ ಹೇಳಿ ಕಳಿಸಿ, ಸದ್ಯಕ್ಕೆ ಅವನಿನ್ನೂ ಹಳಿಯಾಳದಲ್ಲೇ ಇದ್ದಾನೆ.

ಇಂತಿ,
ಹುಬ್ಬಳ್ಳಿ ತಿಜೋರಿಗಳನ್ನು ಹಳಿಯಾಳದಲ್ಲಿ ಮಾಡುವ
ಕರಿಬಸಪ್ಪ