ಎರಡು ಪೊಟ್ಟಣ ಕುಂಕುಮ

ಮಂಗಳವಾರ, ಮಧ್ಯಾಹ್ನ
ದೇವಸ್ಥಾನದ ಎದುರಿನ ಕಟ್ಟೆಯಿಂದ

ಸೋದರಮಾವನನ್ನೇ ಗದರಿಸುವ ನನ್ನ ಗುಬ್ಬಿಗೆ ಆಶೀರ್ವಾದಗಳು.

ನಾನು ಬಂದು ನಿಲ್ಲುವ ತನಕ ಈ ದೇವಸ್ಥಾನದಲ್ಲಿ ಬೆಳಗಿನ ಗಂಟೆ ಬಾರಿಸುವುದಿಲ್ಲ, ದೇವರೂ ಕಣ್ಣು ಬಿಡುವುದಿಲ್ಲ. ಇದು ನಿನಗೆ ಗೊತ್ತಿರುವ ವಿಷಯವೇ. ನಿನ್ನೆ ಮಾತ್ರ ಯಾಕೋ ಬಾರಿಸಿಬಿಟ್ಟಿದ್ದರು.

ತನ್ನ ಹೆಸರಿನಲ್ಲಿ ಅಭಿಷೇಕವಾಗಿ ಕುಂಕುಮ ಕೈಸೇರದೆ ಕಣ್ಣಿನ ಆಪರೇಷನ್ನಿಗೆ ಹೋಗುವುದಿಲ್ಲ ಎಂದು ನಿಮ್ಮಮ್ಮ ಹಠ ಹಿಡಿದಿದ್ದಾಳಲ್ಲ. ಅರ್ಚಕರು ನನ್ನ ಅಂಗೈಯಲ್ಲಿದ್ದಾರೆ, ನೀನು ಸುಮ್ಮನಿರಕ್ಕ ಅಂತ ಹೊರಟವನು ನಾನು. ಹೋಗಿ ನೋಡಿದರೆ ಅಭಿಷೇಕ ಮುಗಿದು, ಪರದೆ ಎಳೆದು ಅಲಂಕಾರ ಮಾಡುತ್ತಿದ್ದರು. ಸಾಲಿನಲ್ಲಿ ನಿಂತೆ. ಪರದೆ ಸರಿಯಿತು, ನನ್ನ ಮುಂದೆ ಆರು ಜನರಿರುವಾಗ ನೈವೇದ್ಯ ಎಂದು ಮತ್ತೆ ಎಳೆದರು. ಮಂಗಳಾರತಿಯೂ ಆಯಿತು, ಇನ್ನಿಬ್ಬರಿರುವಾಗ ದೇವರಿಗೆ ವಿಶ್ರಾಂತಿ ಎಂದು ಬಾಗಿಲನ್ನೇ ಹಾಕಿದರು. ದೇವರು ಮಿಂದ, ಉಟ್ಟ, ಉಂಡ, ಮಲಗಿದ. ನನಗೆ ಹಲ್ಲುಜ್ಜಿದ್ದು ಬಿಟ್ಟರೆ ಬೇರೇನೂ ಆಗಿರಲಿಲ್ಲ. ಹೂ ಕಟ್ಟುವಾಕೆಯ ಮುಂದೆ ಗೊಣಗಿದರೆ, ದೊಡ್ಡವರಿಗೆ ಹೊತ್ತುಹೊತ್ತಿಗೆ ಎಲ್ಲ ಆಗಬೇಕಪ್ಪ, ನಿನ್ನ ಹಾಗೆ ಮನಸ್ಸು ಬಂದಾಗ ಏಳೋಕಾಗುತ್ತಾ ಅಂದಳು.

ಅಷ್ಟರಲ್ಲಿ ಹಣೆ ತುಂಬ ಗಂಧ ಬಳಿದುಕೊಂಡವನೊಬ್ಬ ಬಂದ. ತಾನು ಅರ್ಚಕರ ಭಾವಮೈದ, ನಾಳೆ ಅಭಿಷೇಕದ ಹೊತ್ತಿಗೆ ಗರ್ಭಗುಡಿಯ ಹೊಸ್ತಿಲಲ್ಲೇ ಕೂರಿಸುತ್ತೇನೆ ಎಂದ. ನಾನೂ ಅವರಿಗೆ ಭಾವಮೈದನೇ ಆಗಬೇಕು ಎಂದು ಒಂದು ಬಿಟ್ಟೆ. ಹಾಗಾದರೆ ನಾವಿಬ್ಬರೂ ಅಣ್ಣತಮ್ಮ ಆದೆವಲ್ಲ ಎಂದು ತಬ್ಬಿಕೊಂಡ. ಕೊಟ್ಟ ಹಣಕ್ಕೆ ಅಣ್ಣನ ಹತ್ತಿರ ರಸೀದಿ ಕೇಳುವುದು ಹೇಗೆ, ನೀನೇ ಹೇಳು.

ಇವತ್ತು ನಸುಕಿನಲ್ಲಿ ಪಕ್ಕದ ಬಾಗಿಲಿನಿಂದ ಒಳಗೆ ಬಿಟ್ಟು, ಇಲ್ಲೇ ಇರು, ಕರೀತೀನಿ ಅಂತ ಹೋದ. ಅದು ಪಾತ್ರೆ ತೊಳೆಯುವ ಕೋಣೆ. ಅಲ್ಲಿದ್ದ ಮುದುಕಿ ತಲೆ ಎತ್ತದೆ, ಹೊಸಬನಾ, ತಡ ಮಾಡಿದೆ, ಹುಣಸೆಹಣ್ಣು ಮೂಲೇಲಿದೆ, ಉಜ್ಜು ಅಂದಳು. ಅಭಿಷೇಕಕ್ಕೆ ಬಂದವನಮ್ಮ ನಾನು ಎಂದೆ. ಬಿಂದಿಗೆ ತೊಳೆಯದೆ ಯಾವ ಅಭಿಷೇಕವೋ ಅಂದಳು. ಉಜ್ಜಿದೆ. ಇವತ್ತು ನಾನು ಒಳಗಿದ್ದಾಗಲೇ ಗಂಟೆ ಬಾರಿಸಿದರು, ಅದಂತೂ ನಿಜ. ಗೋಡೆಯಾಚೆ ಅಭಿಷೇಕ ಮಾಡಿಸುವವರ ಹೆಸರು, ನಕ್ಷತ್ರ ಒಂದೊಂದಾಗಿ ಹೇಳಿದರು. ಬಿಂದಿಗೆ ಹಿಡಿದುಕೊಂಡು ಕೊನೆಯ ತನಕ ಕೇಳಿಸಿಕೊಂಡೆ. ನಿಮ್ಮಮ್ಮನ ಹೆಸರು ಬರಲಿಲ್ಲ.

ಸುತ್ತಿಕೊಂಡು ಹೋಗಿ ಧರ್ಮದರ್ಶನದ ಸಾಲಿನಲ್ಲಿ ನಿಂತೆ. ಮೂರು ತಾಸು. ಅರ್ಚಕರನ್ನು ಕಂಡೊಡನೆ ಅವರ ಭಾವಮೈದನ ವಿಷಯ ಕೇಳಿದೆ. ಪಾಪ, ಅರ್ಚಕರು ಇನ್ನೂ ಹುಡುಗ, ಮದುವೆಯೇ ಆಗಿಲ್ಲ. ಕೇಳಿಕೊಂಡಿದ್ದಕ್ಕೆ ಎರಡು ಪೊಟ್ಟಣ ಕುಂಕುಮ ಕೊಟ್ಟರು. ಈ ಕಾಗದದ ಜೊತೆಗೇ ಇಟ್ಟಿದ್ದೇನೆ.

ಹಣ ಹೆಚ್ಚೇನೂ ಹೋಗಿಲ್ಲ, ಐನೂರರ ಆಸುಪಾಸು. ಅಭಿಷೇಕವಾಯಿತು ಅಂತ ಅಕ್ಕನಿಗೆ ಹೇಳುತ್ತೀಯೋ, ಮಾವ ಬಿಂದಿಗೆ ತೊಳೆದ ಅಂತ ಹೇಳುತ್ತೀಯೋ, ನಿನಗೆ ಬಿಟ್ಟದ್ದು. ಊರಿಗೆಲ್ಲ ಸುಳ್ಳು ಹೇಳುವ ನನಗೆ ಅವಳೆದುರು ನಾಲಿಗೆ ಹೊರಳುವುದಿಲ್ಲ. ಏನಾದರೂ ಹೇಳು, ಆಪರೇಷನ್ನಿನ ದಿನ ಮಾತ್ರ ತಪ್ಪಿಸಬೇಡ.

ಇಂತಿ,
ಕೈಯೆಲ್ಲ ಹುಣಸೆಹುಳಿಯಾದ
ನಿನ್ನ ಮಾವ

ತಾ.ಕ.: ಎರಡನೆಯ ಪೊಟ್ಟಣ ನಿನ್ನದು. ಹೊರಡುವ ದಿನ ನಿಮ್ಮಮ್ಮ ನನ್ನನ್ನು ಹಿತ್ತಲಿಗೆ ಕರೆದು, ಸೆರಗಿನ ಗಂಟು ಬಿಚ್ಚಿ, ನೋಟುಗಳನ್ನು ಕಣ್ಣಿಗೆ ತಾಗಿಸಿಕೊಂಡು ನೋಡಿ ನೋಡಿ ಎಣಿಸಿ ಕೊಟ್ಟಳು. ನನ್ನ ಕಣ್ಣು ಹೇಗಾದರೂ ಇರಲಿ, ಗುಬ್ಬಿಯ ಹೆಸರಲ್ಲೂ ಒಂದು ಅಭಿಷೇಕ ಮಾಡಿಸು, ಅವಳಿಗೆ ಹೇಳಬೇಡ ಅಂದಳು. ಐನೂರಲ್ಲ ಗುಬ್ಬಿ. ನೀನು ಕೊಟ್ಟ ಐದು ಸಾವಿರ, ಅವಳು ಕೊಟ್ಟ ಎರಡು ಸಾವಿರದ ಮುನ್ನೂರು. ಹೋದದ್ದು ಏಳು ಸಾವಿರದ ಮುನ್ನೂರು.