ಉಪ್ಪಿನ ಡಬ್ಬಿಯ ಮಾತು ನಿನ್ನದೇ

ಪ್ರೀತಿಯ ಚಿಗವ್ವ,

ಮೊದಲೇ ಹೇಳಿಬಿಡುತ್ತೇನೆ, ನಿನ್ನ ಕುರ್ಚಿಯಲ್ಲಿ ಈಗ ನಾನು ಕೂತಿದ್ದೇನೆ. ಬಳ್ಳಾರಿಯ ಆ ಪುಟ್ಟ ರೇಡಿಯೋ ಕೇಂದ್ರದವರು ಭಾನುವಾರದ ನಗೆಹರಟೆಗೆ ಮೂವರು ಗಂಡಸರ ಪಕ್ಕ ಹೆಂಗಸಿಗೆಂದು ಒಂದು ಹಾಕಿದ್ದರಲ್ಲ, ತುದಿಯ ಕುರ್ಚಿ, ಅದೇ.

ಸಿರುಗುಪ್ಪದ ನಿಮ್ಮ ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾ ಕೂತಿದ್ದ ಮಧ್ಯಾಹ್ನ ನೆನಪಿದೆಯೇ? “ಈ ಗಂಡಸ್ರಿಗೆ ಉಪ್ಪಿನ ಡಬ್ಬಿ ಎಲ್ಲೈತಿ ಅಂತ ಗೊತ್ತಿರಂಗಿಲ್ಲ. ಸಾರಿಗೆ ಉಪ್ಪು ಕಮ್ಮಿ ಆಗೈತಿ ಅನ್ನಾದು ಮಾತ್ರ ಬಾಗಿಲದಾಗ ಚಪ್ಪಲಿ ಬಿಡಾವಾಗ್ಲೇ ಗೊತ್ತಾಗತೈತಿ!” ಅಂದೆ ನೀನು. ಖಾರದ ಕೈಯಲ್ಲಿ ಕಣ್ಣು ಒರೆಸಿಕೊಂಡು ಇನ್ನಷ್ಟು ಅಳುತ್ತಾ ನಕ್ಕೆವು. ಒಳಗಿದ್ದ ಚಿಗಪ್ಪ ಮಾತ್ರ ಕೆಮ್ಮಿದ್ದ.

ಮುಂದಿನ ಭಾನುವಾರ ಅದೇ ಮಾತು ರೇಡಿಯೋದಲ್ಲಿ ಬಂತು, ಆ ಮೂವರಲ್ಲಿ ನಿನ್ನ ಪಕ್ಕ ಕೂರುತ್ತಿದ್ದ ಪಂಪಣ್ಣನ ಬಾಯಲ್ಲಿ. “ನಮ್ಮನಿಯಾಕಿಗೆ ಉಪ್ಪಿನ ಡಬ್ಬಿ ಎಲ್ಲೈತಿ ಗೊತ್ತಿಲ್ರಿ, ನನ್ನ ಜೇಬಿನಾಗ ನೋಟು ಐತಿ ಅನ್ನಾದು ಮಾತ್ರ ಬಾಗಿಲದಾಗ್ಲೇ ಗೊತ್ತಾಗತೈತಿ!” ಎಲ್ಲರಿಗಿಂತ ಜೋರಾಗಿ ಕೇಳಿದ್ದು ನಿನ್ನ ನಗು. ಗಂಡನ ಮೇಲೆ ನೀನು ಕಟ್ಟಿದ ಮಾತು ಹೆಂಡತಿಯ ಮೇಲೆ ತಿರುಗಿತ್ತು, ಅದಕ್ಕೂ ನೀನೇ ನಗಬೇಕಿತ್ತು! ನನಗೆ ಮೈಯೆಲ್ಲ ಉರಿದುಹೋಯಿತು.

ಆಮೇಲೆ ನಿನ್ನನ್ನು ಕೇಳಿದ್ದೆ. ಹೊಳೆದದ್ದನ್ನೆಲ್ಲ ಪಂಪಣ್ಣನ ಕಿವಿಯಲ್ಲಿ ಹೇಳುತ್ತೀಯಂತೆ, ಅವನು ಮೈಕಿನಲ್ಲಿ ಹೇಳುತ್ತಾನಂತೆ. “ನಾನಂದ್ರ ಮನಿ ಮರ್ಯಾದಿ ತೆಗದ್ಲು ಅಂತಾರವ್ವ. ಆತ ಅಂದ್ರ ನಗ್ತಾರ. ನಿಮ್ಮ ಚಿಗಪ್ಪನೂ ಅದಾ ಮಾತು ಹೇಳ್ಯಾನ, ನಗಾಕ ಹೋಗು, ಮಾತಾಡಾಕ ಹೋಗಬ್ಯಾಡ ಅಂತ.” ಅಷ್ಟು ಹೇಳಿ ಚಹಾ ಕುದಿಯಿತೆಂದು ನೀನು ಎದ್ದೆ. ನಿನಗೆ ಬೇಸರವಿರಲಿಲ್ಲವೇ? ಇದ್ದಿದ್ದರೆ ಒಂದು ದಿನವಾದರೂ ನನ್ನ ಹತ್ತಿರ...

ನೀನು ತೀರಿಹೋದ ಮೇಲೆ ಕುರುಗೋಡಿನ ನಮ್ಮ ಮನೆಗೆ, ನನಗೇ, ರೇಡಿಯೋದವರ ಫೋನ್ ಬಂತು. “ನಿಮ್ಮ ಚಿಗವ್ವನಂಗ ನೀವೂ ಚಂದ ನಗ್ತೀರಂತ, ಬರ್ರಿ” ಅಂದರು. ಬರುತ್ತೇನೆ, ಆದರೆ ನಗುವುದಕ್ಕಲ್ಲ, ಒಬ್ಬಳೇ ಅಂತೂ ಅಲ್ಲ ಅಂದೆ. ತೆಕ್ಕಲಕೋಟೆಯ ಬಳೆ ಅಂಗಡಿ ಹುಸೇನಮ್ಮ, ನಿನ್ನ ಗೆಳತಿ, ಅವಳಿಗೂ ಕುರ್ಚಿ ಹಾಕಿ ಅಂದೆ. ಜಾಗ ಇಲ್ಲ ಅಂದರು. ಹಾಗಾದರೆ ನನ್ನನ್ನೂ ಬಿಡಿ ಅಂದು ಫೋನ್ ಇಟ್ಟೆ. ಎರಡು ವಾರ ಹೆಂಗಸರ ನಗುವೇ ಇಲ್ಲದೆ ಹರಟೆ ನಡೆಸಿ ನೋಡಿದರು. ಸಪ್ಪೆಯಾಗಿತ್ತು. ಮೂರನೆಯ ವಾರ ಜಾಗ ಆಯಿತು!

ಮೊನ್ನೆ ರೆಕಾರ್ಡಿಂಗಿನಲ್ಲಿ ನಾನು ಉಸಿರೆಳೆದುಕೊಂಡದ್ದೇ ತಡ, ಪಂಪಣ್ಣ ಅಭ್ಯಾಸದಂತೆ ಕಿವಿಯನ್ನು ನನ್ನ ಕಡೆ ವಾಲಿಸಿದ. ಪಾಪ, ಅವನಿಗೂ ಅದು ರೂಢಿಯಾಗಿಬಿಟ್ಟಿತ್ತು. ನಾನು ಮೈಕನ್ನು ನನ್ನತ್ತ ಎಳೆದುಕೊಂಡೆ. “ಇದು ಸಿರುಗುಪ್ಪದ ನಮ್ಮ ಚಿಗವ್ವ ಈರಮ್ಮನ ಮಾತ್ರಿ” ಅಂದು, ಉಪ್ಪಿನ ಡಬ್ಬಿಯ ಮಾತನ್ನು ನೀನು ಅಂಗಳದಲ್ಲಿ ಹೇಳಿದ ಹಾಗೆಯೇ ಹೇಳಿದೆ. ಹುಸೇನಮ್ಮ ಮೊದಲು ನಕ್ಕಳು, ಬಳೆಯೆಲ್ಲ ಸದ್ದು ಮಾಡುವ ಹಾಗೆ. ಪಂಪಣ್ಣ ತಲೆ ತಗ್ಗಿಸಿ, “ಹೌದ್ರಿ, ಆಯಮ್ಮಂದಾ ಅದು” ಅಂದ. ಅದನ್ನು ಕತ್ತರಿಸಬೇಡಿ ಎಂದು ನಿಂತು ಕೇಳಿಕೊಂಡು ಬಂದೆ.

ಇನ್ನು ಮೇಲೆ ಆ ಕೋಣೆಯಲ್ಲಿ ನಾನು ಯಾರ ಕಿವಿಯಲ್ಲೂ ಏನೂ ಹೇಳುವುದಿಲ್ಲ. ಇದು ನಿನಗೆ ಕೊಟ್ಟ ಮಾತು.

ಈ ಭಾನುವಾರ ಅದು ಪ್ರಸಾರವಾಯಿತು. ಮುಗಿದ ಕೂಡಲೇ ನಿಮ್ಮ ಮನೆಯಿಂದ ಫೋನ್. ಚಿಗಪ್ಪ! ಬೈಸಿಕೊಳ್ಳಲು ತಯಾರಾಗಿಯೇ ಎತ್ತಿದೆ. ಆ ಕಡೆ ಒಂದೊಂದೇ ಡಬ್ಬಿಯ ಮುಚ್ಚಳ ತೆಗೆಯುವ ಸದ್ದು, ನಿನ್ನ ಸೊಸೆಯ ನಗು. ಆಮೇಲೆ ಅವನ ದನಿ ಬಂತು.

“ಆಕಿ ಮಾತು ಸುಳ್ಳು ಮಾಡಬೇಕಂತ ಹುಡುಕಾಕ ಹತ್ತೀನವ್ವ. ಇನ್ನಾ ಸಿಕ್ಕಿಲ್ಲ.”

ನಿನ್ನ
ಗಂಗಿ