ಶಾಕವ್ರತದ ತಿಂಗಳಲ್ಲಿ ಬೀನ್ಸ್ ಪಲ್ಯ

ವಾರಿಜಾ,

ನಿಮ್ಮ ಮಾವನವರ ಜೊತೆ ಕಾರಮಡೈ ದೇವಸ್ಥಾನಕ್ಕೆ ಹೊರಟೆ. ದೀಪ ಹಚ್ಚೋ ಹೊತ್ತಿಗೆ ಬರ್ತೀವಿ.

ನಿನ್ನೆ ಬಾವಿಕಟ್ಟೆ ಹತ್ತಿರ ತಲೆ ತಿರುಗಿ ಕೂತದ್ದನ್ನ ನಾನು ನೋಡಿಲ್ಲ ಅಂದ್ಕೊಂಡ್ಯಾ? ಶಾಕವ್ರತ ಮುಗಿಯೋ ತನಕ ಮನೆಯೊಳಗೆ ತರಕಾರಿ ಬರಕೂಡದು ಅಂತ ನಿಮ್ಮ ಮಾವನವರ ಹಟ. ಬಸುರಿ ಹೆಣ್ಣಿಗೆ ಎಂಥಾ ವ್ರತ!

ಕೊಟ್ಟಿಗೆ ಕೆಲಸದ ಸೆಲ್ಲಮ್ಮನ ಕೈಲಿ ಬೀನ್ಸು, ಆಲೂಗಡ್ಡೆ ತರಿಸಿ ಹುಲ್ಲಿನ ಕೆಳಗೆ ಇಡಿಸಿದೀನಿ. ಹಿತ್ತಲ ಇದ್ದಿಲೊಲೆ ಮೇಲೆ ಮಾಡ್ಕೋ. ನನ್ನ ಮಡಿ ಪಾತ್ರೆ ಮುಟ್ಟಿದರೆ ನೋಡು! ಬೀನ್ಸ್ ಅರ್ಧ ಬೆಂದ ಮೇಲೆ ಆಲೂಗಡ್ಡೆ ಹಾಕು. ಒಗ್ಗರಣೆಗೆ ತುಪ್ಪ ಧಾರಾಳವಾಗಿರಲಿ. ಪೂರ್ತಿ ತಿನ್ನು, ಮಿಗಿಸಬೇಡ. ಸಿಪ್ಪೆ ಹಸುವಿಗೆ, ಈ ಚೀಟಿ ಒಲೆಗೆ.

ಬಂದಮೇಲೆ ಅವರೆದುರಿಗೇ "ಏನು ಉಂಡೆ?" ಅಂತ ಗದರಿಸಿ ಕೇಳ್ತೀನಿ. ಮಜ್ಜಿಗೆ ಅನ್ನ ಅನ್ನು.

ನಗಬೇಡ.